ಏಳು ಬರಬೇಕಾದಲ್ಲಿ ಆರು

"ಅಕ್ಕಾ, ನಿಮ್ಮ ಕೋಡ್ ತಪ್ಪು ಲೆಕ್ಕ ಹಾಕ್ತಿದೆ!"

ಕೆಲಸಕ್ಕೆ ಸೇರಿ ವಾರವೂ ಆಗದ ಟೆಸ್ಟಿಂಗ್ ಹುಡುಗಿ ಎಲ್ಲರೆದುರು ಹಾಗೆಂದಾಗ ಮೆಣಸಿನಕಾಯಿಯ ಮುಖ ಕೆಂಪೇರಿತು. ಹೌದು, ಆಫೀಸಿನಲ್ಲಿ ಅವಳಿಗೆ ಅದೇ ಹೆಸರು. ಸುಮ್ಮನೆ ಇಟ್ಟಿದ್ದಲ್ಲ ಬಿಡಿ!

'ಅಕ್ಕ ಅಂತೆ ಅಕ್ಕ! ಎರಡು ವರ್ಷ ದೊಡ್ಡವಳಾದ ಮಾತ್ರಕ್ಕೆ...'

"ನನ್ನ ಮೆಷಿನ್‌ನಲ್ಲಿ ಸರಿಯಾಗೇ ಇದೆ. ಮಾಹಿತಿ ಇಡೋ ಹ್ಯಾಶ್ ಟೇಬಲ್‌ನಲ್ಲಿ ಹತ್ತು ಗೂಡು. ಏಳು ತುಂಬಿದ್ರೆ ಟೇಬಲ್ ದೊಡ್ಡದಾಗ್ಬೇಕು. ಆಗುತ್ತೆ!"

"ನನ್ನದ್ರಲ್ಲಿ ಆರಕ್ಕೇ ಆಗ್ತಿದೆ ಅಕ್ಕ..."

"ನಿಂದು ಹಳೇ ಡಬ್ಬಾ! ಗುಜರಿಗೆ ಹಾಕು!"

ಮಾತು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಂಬದಾಚೆಯ ಮೇಜಿನಿಂದ ಮೌನಿ ಎದ್ದ. "ನಾನು ನೋಡ್ತೀನಿ" ಎಂದು ಆ ಹುಡುಗಿಯ ಹಿಂದೆಯೇ ಹೊರಟುಬಿಟ್ಟ!

ಮೌನಿ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಆ ನಾಲ್ಕೂ ತನ್ನ ಜೊತೆಗೇ ಇರಲಿ ಎಂದು ಮೆಣಸಿನಕಾಯಿ ಒಳಗೊಳಗೇ ಆಸೆಪಟ್ಟವಳು. ಈಗ ನೋಡಿದರೆ, ಬಿಡುವು ಸಿಕ್ಕಾಗಲೆಲ್ಲ ಆಸಾಮಿ ಆ ಹಳೇ ಮೆಷಿನ್ ಮುಂದೆ ಹಾಜರ್. ಜೊತೆಗೆ ನಗು ಬೇರೆ!

ಒಂದು ಸಲ ಏನೋ ಹೇಳಲು ಅವನೇ ಬಂದ. ಅವಳು ಮುಖ ತಿರುಗಿಸಿದಳು.

ಇವತ್ತು ಮ್ಯಾನೇಜರ್ ಅವನನ್ನು ಟೆಸ್ಟಿಂಗ್ ತಂಡಕ್ಕೇ ಕರೆದಿದ್ದರು. ಸಂಜೆಯೊಳಗೆ ಉತ್ತರ ಬೇಕಿತ್ತು.

"ಹೋಗ್ಲಾ?" ಅವನು ಅವಳನ್ನೇ ಕೇಳಿದ.

"ಹೋಗು! ಅಲ್ಲೇ ಠಿಕಾಣಿ ಹೂಡು!"

ಅವನ ಮುಖ ಬಾಡಿತು. ಹೊರಟುಹೋದ.

ಮೆಟ್ಟಿಲ ಮೇಲೆ ಕೂತು ಅವಳು ಅತ್ತಿಗೆಗೆ ಫೋನ್ ಮಾಡಿದಳು.

"ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಕಣೇ. ಬಾಯಿ ಬಿಟ್ಟು ಹೇಳ್ಬಿಡು ಅವನಿಗೆ."

"ಹೇಳೋಕೇನಿದೆ ಅತ್ತಿಗೆ?"

"ಏನೂ ಇಲ್ದಿದ್ರೆ ಅಳ್ತಿರೋದ್ಯಾಕೆ?"

ಊಟದ ಹೊತ್ತಿಗೆ ಟೆಸ್ಟಿಂಗ್ ಕೋಣೆ ಖಾಲಿಯಾಯಿತು. 'ಈ ಡಬ್ಬಾ ಕೆಟ್ಟಿದೆ ಅಂತ ತೋರಿಸ್ತೀನಿ, ಆಗ ಇವನಿಗಿಲ್ಲಿ ಏನು ಕೆಲಸ!' ಅವಳು ಆ ಕುರ್ಚಿಯಲ್ಲೇ ಕೂತು ತನ್ನ ಕೋಡ್ ಓಡಿಸಿದಳು.

ಆರು!

ಲೆಕ್ಕ ಬಿಡಿಸಿ ನೋಡಿದಳು. 6.999...

ಹತ್ತನ್ನು ಗುಣಿಸಿ ಏಳು ಪಡೆಯಲು ಅವಳು ಬರೆದ 0.7 ಯಾವ ಮೆಷಿನ್‌ನಲ್ಲೂ ಪೂರ್ತಿ 0.7 ಅಲ್ಲ, ಕೂದಲೆಳೆಯಷ್ಟು ಕಡಿಮೆ. ಅವಳ ಹೊಸ ಮೆಷಿನ್ ಅದನ್ನು ಏಳಕ್ಕೆ ದುಂಡು ಮಾಡಿ ತಪ್ಪು ಮುಚ್ಚಿತ್ತು. ಹಳೆಯದು ಇದ್ದದ್ದನ್ನು ಇದ್ದ ಹಾಗೆ ಇಟ್ಟುಕೊಂಡಿತ್ತು. ಆಮೇಲೆ ದಶಾಂಶ ಕತ್ತರಿಸಿ ಆರು ಉಳಿಸಿದ್ದು ಅವಳದೇ ಕೋಡ್.

ನಾಚಿಕೆಯಿಂದ ತಲೆ ಎತ್ತಿದಳು... ಗಾಜಿನಾಚೆ ನೇರ ಎದುರಿಗೆ ತನ್ನದೇ ಕುರ್ಚಿ! ಕುರ್ಚಿಯ ಮೇಲೆ ತನ್ನದೇ ಸ್ವೆಟರ್! ನಡುವೆ ಕಂಬ ಅಡ್ಡವಿರಲಿಲ್ಲ.

"ಸಿಕ್ತಾ?" ಬಾಗಿಲಲ್ಲಿ ಮೌನಿ ನಿಂತಿದ್ದ.

"ನಿಂಗೆ ಯಾವಾಗ ಸಿಕ್ತು?"

"ಮೊದಲ ದಿನಾನೇ. ಹೇಳೋಕೆ ಬಂದ್ರೆ ಮುಖ ತಿರುಗಿಸಿದೆ."

"ಮತ್ತೆ ಇಷ್ಟು ದಿನ ಇಲ್ಲೇನ್ ಮಾಡ್ತಿದ್ದೆ?"

ಅವನು ಅವಳ ಖಾಲಿ ಕುರ್ಚಿಯತ್ತ ನೋಡಿದ. "ನನ್ನ ಜಾಗದಿಂದ... ಕಂಬ ಅಡ್ಡ ಬರುತ್ತೆ."

ಅವಳ ಕಣ್ಣು ತುಂಬಿತು. ಆದರೂ ಬಿಡಲಿಲ್ಲ. "ಅವಳ ಜೊತೆ ಅದೇನು ನಗು?"

"'ಆ ಕಂಬ ಒಡೆಸಿಬಿಡಿ ಅಣ್ಣ' ಅಂತ ರೇಗಿಸ್ತಿದ್ಲು."

ಮೆಣಸಿನಕಾಯಿ ಅಳುತ್ತಲೇ ನಕ್ಕಳು. 0.7 ಅಳಿಸಿದಳು. ಏಳರಿಂದ ಗುಣಿಸಿ, ಆಮೇಲೆ ಹತ್ತರಿಂದ ಭಾಗಿಸು ಎಂದು ಬರೆದಳು. ಎಲ್ಲವೂ ಪೂರ್ಣಾಂಕ, ದಶಾಂಶದ ಸಹವಾಸವೇ ಬೇಡ! ಡಬ್ಬಾ ಗೊರಗೊರ ಎಂದು ಏಳು ತೋರಿಸಿತು.

"ಅಕ್ಕಾ, ಏಳು ಬಂತಾ?" ಹೊರಗಿನಿಂದಲೇ ಕೂಗಿದಳು ಆ ಹುಡುಗಿ.

"ಬಂತು ಕಣೇ! ನೀನೇ ಸರಿ!" ಅಕ್ಕ ಅನ್ನಿಸಿಕೊಳ್ಳುವುದು ಈ ಸಲ ಹಿತವಾಗಿತ್ತು.

ಆಮೇಲೆ ಮೆಲ್ಲಗೆ ಕೇಳಿದಳು. "ಮ್ಯಾನೇಜರ್‌ಗೆ ಏನ್ ಹೇಳ್ತೀಯ?"

"ನೀನು ಹೇಳಿದ್ದು."

"ಹೋಗ್ಬೇಡ... ನನ್ನ ಪಕ್ಕದ ಮೇಜು ಖಾಲಿ ಇದೆ. ಅಲ್ಲೇ ಇದ್ಬಿಡು, ಜೀವನಪೂರ್ತಿ."

"ನಿನ್ನ ಕೋಡ್ ಮುಟ್ಟಬಹುದಾ?"

"ಮೊದಲು ಕೈ ಹಿಡಿ," ಎಂದಳು ಅವಳು. "ಕೋಡ್ ವಿಷ್ಯ ಆಮೇಲೆ ನೋಡೋಣ!"