ಮೂರು ಗಡಿಗೆ ತಟ್ಟಿದ ಸಂಕವ್ವ

ಬಹಳ ಹಿಂದೆ, ನನ್ನ ಮೀಸೆ ಏಳು ಊರಿಗೆ ನೆರಳು ಕೊಡುತ್ತಿದ್ದ ಕಾಲದಲ್ಲಿ, ಕೆಮ್ಮಣ್ಣುನಾಡು ಎಂಬ ರಾಜ್ಯವಿತ್ತು. ಅಲ್ಲಿನ ಕೆರೆಯ ಜೇಡಿಮಣ್ಣೆಲ್ಲ ತನ್ನದೇ ಎಂದು ಬಿರುಗಣ್ಣನೆಂಬ ಮಾಂತ್ರಿಕ ಕಾಯುತ್ತಿದ್ದ. ಮಣ್ಣು ಅಗೆದವರನ್ನು ಹಿಡಿದು ಗಡಿಗೆಗೆ ತುಂಬಿ, ಬಾಯಿಗೆ ಮಣ್ಣು ಮೆತ್ತಿಬಿಡುತ್ತಿದ್ದ. ಕುಂಬಾರ ಭರಮ ಆರಡಿ ಆಳು. ಮಣ್ಣಿಗೆ ಹೋದ ಅವನನ್ನೂ ಒಂದು ಗಡಿಗೆಯೊಳಗೆ ಹಿಡಿಸಿಬಿಟ್ಟ. ಮಂತ್ರ ಅಂದರೆ ಹಾಗೆ.

ಹೆಂಡತಿ ಸಂಕವ್ವ ಹುಡುಕಿಕೊಂಡು ಬಂದಾಗ ಹೊತ್ತು ಇಳಿಯುತ್ತಿತ್ತು.

ಮಾಂತ್ರಿಕ ಮೂರು ಗಡಿಗೆ ತೋರಿಸಿದ. "ಒಂದರಲ್ಲಿ ನಿನ್ನ ಗಂಡ ಇದ್ದಾನೆ. ಆ ಗಡಿಗೆಗೆ ಬಿರುಕಿಲ್ಲ. ತಟ್ಟು, ಮುಟ್ಟು, ಎತ್ತಬೇಡ. ಹೊತ್ತು ಮುಳುಗುವುದರೊಳಗೆ ಒಂದೇ ಒಂದನ್ನು ಒಡೆ. ತಪ್ಪಿದರೆ ಅವನು ಮಣ್ಣು, ನೀನು ಗಡಿಗೆ. ನಾನು ಸೋತರೆ ನಾನೇ ಗಡಿಗೆ."

ಮೊದಲನೆಯದನ್ನು ತಟ್ಟಿದಳು. ಟಣ್ ಅಂತು. ಕಲ್ಲೆತ್ತಿದಳು.

"ಟಣ್ ಅಂದರೆ ಗಟ್ಟಿ. ನಿಮ್ಮ ಕುಂಬಾರರ ಮಾತೇ ಅಲ್ಲವೇನೇ?" ಎಂದು ಮಾಂತ್ರಿಕ ಹಲ್ಲು ಕಿರಿದ.

ಸಂಕವ್ವನ ಕೈ ಅಲ್ಲೇ ನಿಂತಿತು. "ಖಾಲಿ ಗಡಿಗೆಗೆ ಆ ಮಾತು ಸರಿ. ಒಳಗೆ ಆರಡಿ ಗಂಡಸು ತುಂಬಿಕೊಂಡಿದ್ದರೆ ಟಣ್ ಅನ್ನುವುದೆಲ್ಲಿ ಬಂತು? ಇದು ಖಾಲಿ."

ಎರಡನೆಯದು ದೊಪ್ ಅಂತು. ಮೂರನೆಯದೂ ದೊಪ್. ತುಂಬಿದ್ದೂ ದೊಪ್ ಅನ್ನುತ್ತದೆ, ಬಿರುಕು ಬಿಟ್ಟ ಖಾಲಿಯೂ ದೊಪ್ ಅನ್ನುತ್ತದೆ. ಯಾವುದು ಯಾವುದೋ?

ಸೆರಗು ನೆನೆಸಿ ಎರಡನ್ನೂ ಒರೆಸಿದಳು. ಬಿರುಕಿದ್ದಲ್ಲಿ ಒದ್ದೆ ಬೇಗ ಆರುವುದಿಲ್ಲ. ಮೂರನೆಯದರ ಮೇಲೆ ಕೂದಲೆಳೆಯಂಥ ಒದ್ದೆ ಗೆರೆ ಉಳಿಯಿತು. ಎರಡನೆಯದೋ, ಇಡೀ ಮೈ ಒದ್ದೆ. ಹಾಗಾದರೆ ಅದಕ್ಕೂ ಬಿರುಕೇ? ಸೂರ್ಯ ಗುಡ್ಡದ ತಲೆ ಮುಟ್ಟಿದ.

ಆಗ ಕಂಡಳು: ಎರಡನೆಯ ಗಡಿಗೆಯ ಮೇಲೆ ಮಾಂತ್ರಿಕನದೇ ನೆರಳು.

"ಸ್ವಲ್ಪ ಆಚೆ ಸರಿಯಿರಿ ಸ್ವಾಮಿ. ನೆರಳಲ್ಲಿ ಗಟ್ಟಿ ಗಡಿಗೆಯೂ ಬೇಗ ಆರುವುದಿಲ್ಲ."

"ಸರಿಯುವುದಿಲ್ಲ. ನೆರಳಿನ ಕೆಳಗೆ ಬಿರುಕೂ ಇದ್ದರೆ ಏನು ಮಾಡುತ್ತೀಯೆ?"

"ಇದ್ದರೆ ಸೋತೆ. ಬಿಸಿಲಲ್ಲಿದ್ದೂ ಗೆರೆ ಆರದ್ದು ಮೂರನೆಯದು; ಬಿರುಕು ಅಲ್ಲಿದೆ. ಈಗ ಕಂಡಷ್ಟಕ್ಕೆ ನನ್ನ ಗಂಡ ಇಲ್ಲಿದ್ದಾನೆ."

ಕಣ್ಣು ಮುಚ್ಚಿ ಎರಡನೆಯದನ್ನು ಒಡೆದಳು.

"ಮೆಲ್ಲಗೆ ಒಡೆಯಬಾರದೇನೇ? ಒಳಗೆ ತಲೆ ಇತ್ತಲ್ಲ," ಎನ್ನುತ್ತ ಭರಮ ಸೀನಿಕೊಂಡು ಎದ್ದ.

ಬಿರುಗಣ್ಣ ನಿಂತಲ್ಲೇ ಗಡಿಗೆಯಾದ. ಅವನು ಹಿಂದೆ ಮಣ್ಣು ಮೆತ್ತಿಟ್ಟಿದ್ದ ಗಡಿಗೆಗಳ ಬಾಯಿ ತಾವಾಗಿ ಬಿಚ್ಚಿ, ಸಿಕ್ಕಿಬಿದ್ದವರೆಲ್ಲ ಹೊರಬಂದರು.

ಸಂಕವ್ವ ಹೊಸ ಗಡಿಗೆಯ ತಲೆ ತಟ್ಟಿದಳು. ಟಣ್.

"ಗಟ್ಟಿ ಇದೆ," ಎಂದ ಭರಮ.

"ಖಾಲಿಯೂ ಇದೆ," ಎಂದಳು ಸಂಕವ್ವ.

ಅದಕ್ಕೆ ಹುರುಳಿ ತುಂಬಿಟ್ಟು ನಾಡೆಲ್ಲ ಸುಖವಾಗಿ ಉಂಡಿತು. ಆ ಹುರುಳಿ ಸಾರನ್ನು ನಾನೊಬ್ಬನೇ ಹನ್ನೆರಡು ಬಟ್ಟಲು ಕುಡಿದೆ. ಹದಿಮೂರನೆಯದನ್ನು, ಪಾಪ, ಉಳಿದವರಿಗೂ ಬೇಕಲ್ಲ ಎಂದು ಬಿಟ್ಟೆ.