ರೋಹಿಣಿಯ ಧ್ವನಿಯ ಹಿಂದಿನ ಸದ್ದು

೨೦೨೪ರ ಡಿಸೆಂಬರ್ ೧, ಭಾನುವಾರ, ಬೆಳಗಿನ ಏಳು ಗಂಟೆ ನಲವತ್ತು ನಿಮಿಷ. ಬೆಟಗೇರಿಯ ತನ್ನ ಮನೆಯ ಬಾಗಿಲಲ್ಲಿ ರೋಹಿಣಿ ಕೂದಲಿನ ನೀರು ಹಿಂಡುತ್ತ ನಿಂತಿದ್ದಳು. ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಎದುರಿನ ಕಟ್ಟೆಯ ಬಳಿ ಯಾರನ್ನೋ ಕೇಳುತ್ತಿದ್ದ.

"ನೇಕಾರ ಮಲ್ಲವ್ವನ ಮನಿ ಯಾವುದ್ರಿ?"

ಆ ಮುಖವನ್ನು ಅವಳು ಎಂದೂ ಕಂಡಿರಲಿಲ್ಲ. ಧ್ವನಿ ಮಾತ್ರ ಎರಡು ವರ್ಷದಿಂದ ಅವಳ ಕಿವಿಯಲ್ಲೇ ಮನೆ ಮಾಡಿಕೊಂಡಿತ್ತು. ವಿಡಿಯೊ ಕಾಲ್ ಬೇಡ, ಮುಖ ಕಂಡರೆ ಓದು ಕೆಡುತ್ತದೆ ಎಂದು ಮೊದಲ ವಾರವೇ ಹೇಳಿದವಳು ಅವಳೇ.

ಮುಂಬೈಯ ದಿನನಿತ್ಯದ ಬದುಕಿನ ಬಗ್ಗೆ ನಂದೀಶ ಕಿರು ಸಾಕ್ಷ್ಯಚಿತ್ರಗಳನ್ನು ಮಾಡುತ್ತಿದ್ದ. ಒಂದೊಂದೂ ನಾಲ್ಕು ನಿಮಿಷ. ಛಾವಣಿಯ ಮೇಲೆ ಹಪ್ಪಳ ಒಣಗಿಸುವ ಹೆಂಗಸು, ಲಿಫ್ಟಿನೊಳಗೆ ಹನ್ನೆರಡು ತಾಸು ಸ್ಟೂಲಿನ ಮೇಲೆ ಕೂರುವ ಮುದುಕ, ಇಸ್ತ್ರಿ ಮಾಡಿದ ಬಟ್ಟೆ ಯಾವ ಮನೆಯದೆಂದು ವಾಸನೆಯಿಂದಲೇ ಹೇಳುವ ಅಕ್ಕತಂಗಿಯರು. ಅವನು ಚಿತ್ರ ತೆಗೆದು ಕಳಿಸಿದರೆ ಅದಕ್ಕೆ ಕನ್ನಡದ ಮಾತು ಬರೆದು ಓದುವವಳು ರೋಹಿಣಿ. ಹಗಲು ಗದುಗಿನ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೆಲಸ. ಅದಕ್ಕೆ ಮುಂಚೆ, ಬೆಳಿಗ್ಗೆ ಒಂದು ತಾಸು, ಮುಂಬೈ.

"ನೀವು ನಂದೀಶ," ಎಂದಳು.

ಅವನು ತಿರುಗಿದ. ಕೊರಳಲ್ಲಿ ಹೆಡ್‌ಫೋನ್, ಕೆನ್ನೆಯ ಮೇಲೆ ರೈಲಿನ ಸೀಟಿನ ಗೆರೆ. ಅವನ ಕಣ್ಣು ಅವಳ ಮುಖದ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಅವಳ ಕೂದಲಿನ ತುದಿಯಲ್ಲಿ ಬೀಳಲು ಹೊರಟಿದ್ದ ಹನಿಗೆ ಇಳಿದು, ಅದು ಬೀಳುವ ತನಕ ಕಾಯಿತು.

"ಹೇಳದ ಕೇಳದ ಬಂದ್ರಲ್ಲ."

"ಹೇಳಿದ್ರ ನೀವು ಬ್ಯಾಡ ಅಂತಿದ್ರಿ."

"ಅಂತಿದ್ದೆ."

"ಅದಕ್ಕ ಹೇಳಲಿಲ್ಲ."

ಒಳಗೆ ಅಜ್ಜಿ ಮಲ್ಲವ್ವ ಚಹಾ ಕೊಟ್ಟು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಫೋನಿನ್ಯಾಗ ಮಾತಾಡ್ತಿದ್ದಾಂವ ಇಂವನ? ಫೋನಿನ್ಯಾಗ ದಪ್ಪ ಅನಸ್ತಿದ್ದ."

"ನಮ್ಮೂರು ಲಕ್ಷ್ಮೇಶ್ವರ ರೀ ಆಯಿ," ಎಂದ ನಂದೀಶ. "ಮುಂಬೈದಾಗ ಸೊರಗೇನಿ."

ಕಪ್ಪು ಕೆಳಗಿಟ್ಟು ಅವನು ಬಂದ ವಿಷಯ ಹೇಳಿದ. ಒಂದು ಚಾನೆಲ್ ಅವರ ಚಿತ್ರಗಳನ್ನು ತೆಗೆದುಕೊಳ್ಳಲು ಒಪ್ಪಿದೆ. ಮುಗಿದಿರುವ ಹನ್ನೊಂದು, ಬರಲಿರುವ ಹನ್ನೆರಡನೆಯದು, ಎಲ್ಲವನ್ನೂ.

"ಆದ್ರ ಧ್ವನಿ ಬದಲಿ ಮಾಡ್ರಿ ಅಂತಾರ. ಬುಧವಾರದೊಳಗ ಹೇಳಬೇಕು."

ರೋಹಿಣಿ ತಲೆ ತಗ್ಗಿಸಲಿಲ್ಲ. ಆದರೆ ಲೆಕ್ಕ ಅವಳಿಗೆ ತಕ್ಷಣ ತಿಳಿಯಿತು. ಅವರಿಬ್ಬರ ನಡುವೆ ಇದ್ದದ್ದು ಆ ಓದು ಒಂದೇ. ಅದು ಹೋದರೆ ಬೆಳಗಿನ ಫೋನು ಹೋಗುತ್ತದೆ. 'ಆ ಸಾಲು ಇನ್ನೊಮ್ಮೆ ಓದ್ರಿ' ಎಂಬ ಮಾತು ಹೋಗುತ್ತದೆ. ಓದು ಮುಗಿದ ಮೇಲೂ ಇಬ್ಬರೂ ಫೋನು ಇಡದೆ ಸುಮ್ಮನಿರುವ ಅರ್ಧ ನಿಮಿಷ ಹೋಗುತ್ತದೆ.

"ಕಾರಣ?" ಎಂದಳು, ಲ್ಯಾಬಿನಲ್ಲಿ ಕೇಳುವ ಹಾಗೆ.

ಅವನು ಹೆಡ್‌ಫೋನನ್ನು ತಾನೇ ಅವಳ ಕಿವಿಗೆ ಇಟ್ಟ. ಬೆರಳು ಒದ್ದೆ ಕೂದಲಿಗೆ ತಾಗಿತು. ಹಪ್ಪಳದ ಚಿತ್ರ ಹಚ್ಚಿದ.

"ನಿಮ್ಮ ಮಾತು ಬಿಡ್ರಿ. ಅದರ ಹಿಂದ ಏನೈತಿ ಕೇಳ್ರಿ."

"ಏನೂ ಇಲ್ಲ."

"ಒಂದು ಪೆಟ್ಟು ಬೀಳ್ತೈತಿ. ಮತ್ತೊಂದು. ಮತ್ತೊಂದು."

"ಏನೂ ಇಲ್ಲ ಅಂದ್ನೆಲ್ಲ."

"ಹನ್ನೊಂದೂ ಚಿತ್ರದಾಗ ಐತಿ. ನಿಮಿಷಕ್ಕ ನಲವತ್ನಾಕು. ನೋಡಿದ ಮಂದಿ ಲೋಕಲ್ ರೈಲಿನ ಸದ್ದು ಅಂತ ತಿಳದ್ರು, ಮೆಚ್ಚಿದ್ರು. ನನ್ನ ಖೋಲಿ ಹಳಿ ಬಾಜೂನ ಐತಿ. ನನಗೂ ಹಂಗ ಅನಿಸ್ತು. ಚಾನೆಲ್‌ನಾಂವ ಕೇಳಿದ: ಹಪ್ಪಳದ ಛಾವಣಿ ಹತ್ರ ಹಳಿನ ಇಲ್ಲ, ಸಾಕ್ಷ್ಯಚಿತ್ರದಾಗ ಸುಳ್ಳ ಸದ್ದು ಯಾಕ ಸೇರ್ಸೀರಿ? ಹುಡುಕಿದ್ರ ಅದು ನಿಮ್ಮ ಫೈಲಿನ್ಯಾಗ ಇತ್ತು."

"ನಾನು ಸುಳ್ಳ ಸೇರ್ಸೇನಿ ಅನಿಸ್ತೇನು?"

"ಹಂಗ ಅನಿಸಿದ್ರ ಒಂದು ಮೇಲ್ ಕಳಸ್ತಿದ್ದೆ. ಹದಿನೈದು ತಾಸು ರೈಲಿನ್ಯಾಗ ಕುಂತು ಬರ್ತಿದ್ದಿಲ್ಲ."

ರೋಹಿಣಿ ಹೆಡ್‌ಫೋನ್ ತೆಗೆದು ಅವನ ಕೈಗೆ ಕೊಟ್ಟಳು. ಎದ್ದು ಒಳಕೋಣೆ ತೋರಿಸಿದಳು.

ಅಲ್ಲಿ ನೆಲದಲ್ಲಿ, ನೇಯುವವರು ಕಾಲು ಇಳಿಬಿಟ್ಟು ಕೂರುವ ಎರಡು ಕುಣಿ. ಒಂದರ ಮೇಲೆ ಮಲ್ಲವ್ವನ ಮಗ್ಗ. ಇನ್ನೊಂದು ತೀರಿಹೋದ ಅಜ್ಜನದು. ಮಗ್ಗ ಬಿಚ್ಚಿ ವರ್ಷಗಳಾಗಿದ್ದವು, ಕುಣಿ ಹಾಗೇ ಇತ್ತು. ರೋಹಿಣಿ ಅದರಲ್ಲಿ ಇಳಿದು ಕೂತು, ತಲೆಯ ಮೇಲೆ ದಪ್ಪ ಕೌದಿ ಹೊದ್ದು, ಮೈಕನ್ನು ಬಾಯಿಂದ ಒಂದು ಗೇಣು ದೂರ ಇಟ್ಟು ಓದುತ್ತಿದ್ದಳು. ಇಡೀ ಮನೆಯಲ್ಲಿ ಅಷ್ಟು ನಿಶ್ಶಬ್ದವಾದ ಜಾಗ ಬೇರೆ ಇಲ್ಲ ಎಂದು ಅವಳ ನಂಬಿಕೆ.

"ಹಪ್ಪಳದ್ದ ಓದ್ರಿ," ಎಂದು ನಂದೀಶ ಹೆಡ್‌ಫೋನ್ ಹಾಕಿಕೊಂಡ.

ಓದಿದಳು. ಎರಡನೇ ಸಾಲಿಗೇ ಉಸಿರು ತಪ್ಪಿತು. ಮತ್ತೆ ಸುರು ಮಾಡಿದಳು. ನಿಲ್ಲಬೇಕಾದಲ್ಲಿ ಓಡಿದಳು, ಓಡಬೇಕಾದಲ್ಲಿ ನಿಂತಳು. ಮೂರನೇ ಸಲವೂ ಅಷ್ಟೆ. ತಾನೇ ಬರೆದ ಮಾತು ನಾಲಿಗೆಗೆ ಪರಕೀಯವಾಗಿತ್ತು.

"ಸದ್ದಿಲ್ಲ," ಎಂದ ನಂದೀಶ ಮೆಲ್ಲಗೆ. "ಒಂದೂ ಪೆಟ್ಟಿಲ್ಲ. ಆದ್ರ ನೀವೂ ಇಲ್ಲ."

ಮಗ್ಗಕ್ಕೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಮಲ್ಲವ್ವ ಕೇಳಿದಳು, "ಹಂಗ್ಯಾಕ ಎಡವಾಕತ್ತೀಯ ಇವತ್ತ?"

ರೋಹಿಣಿ ಕೌದಿ ಸರಿಸಿದಳು. ಅಜ್ಜಿಯನ್ನು ನೋಡಿದಳು, ಮಗ್ಗವನ್ನು ನೋಡಿದಳು. ಓಣಿಗೆ ಓಣಿಯೇ ಸುಮ್ಮನಿತ್ತು.

"ಆಯಿ, ಇವತ್ತ ಮಗ್ಗ ಯಾಕ ನಿಂತೈತಿ?"

"ಅಮಾಸಿ ಅಲ್ಲೇನು. ಅಮಾಸಿಗೆ ಯಾರು ನೇಯ್ತಾರ?"

"ನಾಕ ಪೆಟ್ಟ ಹಾಕಿ ತೋರಸು."

"ಮುಟ್ಟಂಗಿಲ್ಲವಾ. ಬೇಕಾದ್ರ ಹಿಂಗ ನೋಡು." ಮಲ್ಲವ್ವ ಅಂಗೈಯಿಂದ ತೊಡೆ ತಟ್ಟತೊಡಗಿದಳು. ನಂದೀಶ ಫೋನಿನ ಗಡಿಯಾರ ಹಿಡಿದ. ನಿಮಿಷ ಮುಗಿದಾಗ ಅವನೂ ರೋಹಿಣಿಯೂ ಒಟ್ಟಿಗೇ ಹೇಳಿದರು, "ನಲವತ್ನಾಕು."

ಕೌದಿ ಗಾಳಿಯಲ್ಲಿ ಬರುವ ಸದ್ದನ್ನು ತಡೆದಿತ್ತು. ಪೆಟ್ಟು ಬಂದದ್ದು ನೆಲದೊಳಗಿಂದ, ಮೈಕಿನ ಕಾಲು ಹಿಡಿದು. ಅವಳ ಓದು ಇಷ್ಟು ದಿನ ನಡೆದದ್ದೂ ಆ ಪೆಟ್ಟಿನ ಲಯದಲ್ಲೇ. ಅಮಾವಾಸ್ಯೆಯ ದಿನ ಮನೆ ಸಾರಿಸುವ ಕೆಲಸವಿರುವುದರಿಂದ ಅವಳು ಆ ದಿನ ಎಂದೂ ಓದಿರಲಿಲ್ಲ.

"ಹುಟ್ಟಿದಾಗಿಂದ ಕೇಳೇನಿ," ಎಂದಳು. "ಅದಕ್ಕ ನನಗ ಕೇಳಸಂಗಿಲ್ಲ."

"ನನಗ ರೈಲ್ ಇದ್ದಂಗ." ಇಬ್ಬರೂ ನಕ್ಕರು, ಅವನ ನಗು ಫೋನಿನಲ್ಲಿ ಕೇಳಿದ್ದಕ್ಕಿಂತ ಸ್ವಲ್ಪ ನಿಧಾನವಾಗಿತ್ತು. "ಹುಬ್ಬಳ್ಳ್ಯಾಗ ಸ್ಟುಡಿಯೋ ಐತಿ. ನಾಳೆ ಹೋಗಿ ಎಲ್ಲಾ ಮತ್ತ ಓದ್ತೀರಾ?"

"ಬ್ಯಾಡ. ಈಗ ಓದಿದ್ದು ಕೇಳಿದ್ರಲ್ಲ. ಆ ಸದ್ದು ಸುಳ್ಳಲ್ಲ. ಎಲ್ಲಿಂದ ಬರ್ತೈತಿ ಅಂತ ಹೇಳದ ಇದ್ದದ್ದು ತಪ್ಪು. ಮೊದಲನೇ ಚಿತ್ರದ ಸುರುವಿಗೆ ಒಂದು ಮಾತು ಹೇಳೂಣು. ಸಾಕು."

"ಅವರು ಒಪ್ಪದಿದ್ರ?"

"ಬ್ಯಾರೆ ಧ್ವನಿ ಹಚ್ರಿ. ನಾ ಏನ್ ಅಳಂಗಿಲ್ಲ."

"ನಾ ಅಳ್ತೀನಲ್ಲ," ಎಂದ ನಂದೀಶ. ಅಲ್ಲೇ ಕೂತು ಮೇಲ್ ಬರೆದ: ಧ್ವನಿಯೂ ಇರುತ್ತದೆ, ಸದ್ದೂ ಇರುತ್ತದೆ, ಅದು ಎಲ್ಲಿಯದೆಂದು ಸುರುವಿಗೇ ಹೇಳುತ್ತೇವೆ, ಇಲ್ಲವಾದರೆ ಚಿತ್ರಗಳು ನಮ್ಮಲ್ಲೇ ಇರುತ್ತವೆ. ಕಳಿಸುವ ಮುಂಚೆ ಅವಳಿಗೆ ತೋರಿಸಿದ. ಅವಳು ಒಂದು ಕಾಮಾ ತಿದ್ದಿದಳು.

ರಾತ್ರಿ ಲಕ್ಷ್ಮೇಶ್ವರದ ಮನೆಯಲ್ಲಿ ಉಳಿದು ಸೋಮವಾರ ಹತ್ತೂವರೆಗೆ ಅವನು ತಿರುಗಿ ಬಂದ. ರೋಹಿಣಿ ಕಾಲೇಜಿಗೆ ರಜೆ ಹಾಕಿದ್ದಳು. ಚಾನೆಲ್‌ನ ಉತ್ತರ ಬಂದಿತ್ತು. ಒಪ್ಪಿಗೆ, ಆದರೆ ಆ ಮಾತನ್ನು ಅದೇ ಧ್ವನಿ ಹೇಳಬೇಕು, ಹಿಂದೆ ಅದೇ ಸದ್ದು ಇರಬೇಕು.

ಮಲ್ಲವ್ವ ಮಗ್ಗಕ್ಕೆ ಕೂತಳು. ರೋಹಿಣಿ ಕುಣಿಗೆ ಇಳಿದಳು. ರೆಕಾರ್ಡರ್ ಹಿಡಿಯುವ ನೆಪಕ್ಕೆ ನಂದೀಶ ಅಂಚಿನಲ್ಲಿ ಕೂತು ತಾನೂ ಕೌದಿಯೊಳಗೆ ತಲೆ ತೂರಿಸಿದ. ಕತ್ತಲಲ್ಲಿ ಕೆಂಪು ದೀಪದ ಒಂದು ಚುಕ್ಕೆ, ಅದರ ಬೆಳಕಲ್ಲಿ ಅವನ ಹುಬ್ಬಿನ ಅರ್ಧ.

"ಈ ಧ್ವನಿ ಬೆಟಗೇರಿಯ ಒಂದು ಮನೆಯಿಂದ ಬರುತ್ತಿದೆ. ಹಿಂದೆ ಕೇಳುವುದು ನನ್ನ ಅಜ್ಜಿಯ ಮಗ್ಗ." ಒಂದೇ ಸಲಕ್ಕೆ ಬಂತು, ಒಂದೂ ಉಸಿರು ತಪ್ಪದೆ.

ಅವನು ರೆಕಾರ್ಡರ್ ನಿಲ್ಲಿಸಲಿಲ್ಲ.

"ಪ್ರತಿ ಫೈಲಿನ ಸುರುವಿಗೆ ನೀವು ನನ್ನ ಹೆಸರು ಹೇಳ್ತೀರಿ. 'ನಂದೀಶ ಅವರೇ, ಮೂರನೇ ಚಿತ್ರ, ಎರಡನೇ ಓದು.' ಅಷ್ಟ ಕತ್ತರಿಸಿ ಒಗೀಬೇಕು. ನಾ ಒಗದಿಲ್ಲ."

"ಎಷ್ಟದಾವು?"

"ಐವತ್ತೆಂಟು. ಕೂಡಿಸಿದ್ರ ನಾಕು ನಿಮಿಷ. ಒಂದು ಚಿತ್ರದಷ್ಟು."

"ಅಂಥಾ ಚಿತ್ರ ಯಾರು ನೋಡ್ತಾರ?"

"ದಿನಾ ಕೇಳಾಂವ ಒಬ್ಬ ಅದಾನ." ಅವನ ದನಿ ತಗ್ಗಿತು. "ರೋಹಿಣಿ, ಈ ಧ್ವನಿ ಜನ್ಮಪೂರ್ತಿ ನನ್ನ ಕೂಡ ಇರ್ಬೇಕು ಅಂತ ಆಸೆ. ಆಗ್ತೈತೇನ್ರಿ?"

ಅವಳು ಅವನ ಹುಬ್ಬಿನ ಆ ಅರ್ಧವನ್ನೇ ನೋಡಿದಳು.

"ಓದೂದು ಮಾತ್ರ ಇಲ್ಲೇ ಬಂದು ಓದ್ತೀನಿ. ಈ ಮಗ್ಗ ಮುಂಬೈಗೆ ಬರಂಗಿಲ್ಲ."

"ನಾನ ಕರ್ಕೊಂಡ ಬರ್ತೀನಿ. ಪ್ರತಿ ಚಿತ್ರಕ್ಕ."

ರೋಹಿಣಿ ಉಸಿರು ಎಳೆದುಕೊಂಡಳು.

"ಆತು, ನಂದೀಶ."

ಮಧ್ಯಾಹ್ನ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಇಬ್ಬರೂ ಆ ಫೈಲನ್ನು ನೋಡಿದರು. ತೆರೆಯ ಮೇಲೆ ಪೆಟ್ಟುಗಳು ಗೆರೆಗಳಾಗಿ ಸಾಲಾಗಿ ನಿಂತಿದ್ದವು. ಒಂದರಿಂದ ಇನ್ನೊಂದಕ್ಕೆ ಎಲ್ಲೆಲ್ಲೂ ೧.೩೬ ಸೆಕೆಂಡು. 'ಆತು' ಎಂಬ ಮಾತಿಗೆ ಮುಂಚೆ ಮಾತ್ರ ಸಾಲು ಖಾಲಿ ಇತ್ತು. ರೋಹಿಣಿ ತಿರುಗಿ ಬಾಗಿಲಲ್ಲಿ ಕೂತಿದ್ದ ಅಜ್ಜಿಯ ಕಡೆ ನೋಡಿದಳು.

"ದಾರ ಹರದಿತ್ತು," ಎಂದಳು ಮಲ್ಲವ್ವ, ಯಾರೂ ಕೇಳದಿದ್ದರೂ.

ಒಳಗೆ ಮಗ್ಗದ ಮೇಲಿದ್ದ ಸೀರೆಯಲ್ಲಿ ಎಲ್ಲೂ ಹರಿದ ದಾರ ಕಟ್ಟಿದ ಗಂಟು ಇರಲಿಲ್ಲ. ನಂದೀಶ ಆ ಖಾಲಿ ಜಾಗವನ್ನು ಅಳೆದ. ೪.೨ ಸೆಕೆಂಡು.