ಅಜ್ಜಿಯ ಮನೆಯ ಗಾಳಿಕಿಂಡಿ

ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟರೆ ಗಂಡಸೊಬ್ಬರು ನೆಲಕ್ಕೆ ಕೆನ್ನೆ ಒತ್ತಿಕೊಂಡು ಬಿದ್ದಿದ್ದಾರೆ. ನಾನು ಕಿರುಚಿದೆ.

"ಅಯ್ಯೋ, ಯಾರಾದ್ರೂ ಬನ್ನಿ! ಇವರಿಗೇನೋ ಆಗಿದೆ!"

"ಏನೂ ಆಗಿಲ್ಲ ಮೇಡಂ," ಎಂದರು ಕಣ್ಣು ಮುಚ್ಚಿಕೊಂಡೇ. "ಸ್ವಲ್ಪ ಸುಮ್ನಿರಿ. ಗಾಳಿ ಎಲ್ಲಿಂದ ಬರ್ತಿದೆ ನೋಡ್ತಿದ್ದೀನಿ."

ಮಂಚದ ಮೇಲೆ ಮೂರು ಕಂಬಳಿ ಹೊದ್ದು ಕೂತಿದ್ದ ಅಜ್ಜಿ ಬಿದ್ದೂ ಬಿದ್ದೂ ನಕ್ಕರು. ನಲವತ್ತು ವರ್ಷ ನರ್ಸ್ ಆಗಿದ್ದವರು.

"ಬದುಕಿದ್ದಾನಮ್ಮ. ನಾಡಿ ನಾನು ಆಗಲೇ ನೋಡಿದ್ದೀನಿ. ಇವನು ನಿಧಾನಪ್ಪ. ಎರಡು ಗಂಟೆಯಿಂದ ಇದೇ ಬಾಗಿಲಲ್ಲಿದ್ದಾನೆ."

ಅದು ಅಜ್ಜಿ ಇಟ್ಟ ಹೆಸರು. ನನಗೂ ಅರ್ಧ ಗಂಟೆಯಲ್ಲಿ ಒಂದು ಸಿಕ್ಕಿತು, ಲಿಸ್ಟ್ ಮೇಡಂ. ಚಳಿಗಾಲ ಬಿಗಿಯಾಗುವ ಮೊದಲು ವಯಸ್ಸಾದವರ, ಕಾಯಿಲೆಯವರ ಮನೆಗಳನ್ನು ಬೆಚ್ಚಗೆ, ಅಪಾಯವಿಲ್ಲದಂತೆ ಮಾಡಿಕೊಡುವುದು ನಮ್ಮ ಆಫೀಸಿನ ಕೆಲಸ. ನಾನು ಮನೆ ಸುತ್ತಿ ಲಿಸ್ಟ್ ಬರೆಯುವವಳು. ಅವರು ಅದರ ಪ್ರಕಾರ ರಿಪೇರಿ ಮಾಡಲು ಆಫೀಸು ಹೊಸದಾಗಿ ಗೊತ್ತುಮಾಡಿದ ಮೆಕ್ಯಾನಿಕ್. ಗಾಳಿ ಹುಡುಕಲು ನನ್ನ ಹತ್ತಿರ ಮೆಷೀನ್ ಇತ್ತು. ಅವರು ಕೆನ್ನೆ ಒದ್ದೆ ಮಾಡಿಕೊಂಡು ನೆಲದಲ್ಲಿ ಮಲಗುತ್ತಿದ್ದರು.

"ಮೆಷೀನಿಗೆ ಚಳಿ ಆಗುತ್ತಾ ಮೇಡಂ? ನೀವೂ ಒಂದ್ಸಲ ಮಲಗಿ ನೋಡಿ."

ಹಟಕ್ಕೆ ಮಲಗಿದೆ. ನಮ್ಮಿಬ್ಬರ ಮುಖದ ನಡುವೆ ಒಂದು ಗೇಣು ಜಾಗ. ಅವರ ಎಡಹುಬ್ಬಿನಲ್ಲಿ ಒಂದೇ ಒಂದು ಬಿಳಿ ಕೂದಲಿತ್ತು. ಮೂವತ್ತೊಂಬತ್ತು ತುಂಬಿದವಳು ಯಾರದೋ ಮನೆಯ ನೆಲದ ಮೇಲೆ ಬಿದ್ದುಕೊಂಡು ನಾಚಿದೆ.

"ಗೊತ್ತಾಯ್ತಾ?"

"ಹೂಂ."

"ಏನು?"

"ಗಾಳಿ," ಎಂದೆ. ಹಸಿ ಸುಳ್ಳು.

ಆಮೇಲೆ ಲಿಸ್ಟ್ ಉದ್ದವಾಗುತ್ತಲೇ ಹೋಯಿತು. ಬೇಕಂತಲೇ ಬೆಳೆಸಿದೆ. ಒಂದು ದಿನ ಕಿಟಕಿಯ ಚಿಲಕ, ಇನ್ನೊಂದು ದಿನ ಬಾತ್‌ರೂಮಿನಲ್ಲಿ ಕೈ ಆಸರೆಗೆ ಹಿಡಿಕೆ. ಅವರೂ ಒಂದು ಸ್ಕ್ರೂಗೆ ಹತ್ತು ನಿಮಿಷ ತೆಗೆದುಕೊಳ್ಳುತ್ತಿದ್ದರು. ನಡುನಡುವೆ ತಲೆ ಎತ್ತಿ ನೋಡುವುದು, ನಾನು ನೋಡಿದರೆ ಸ್ಕ್ರೂ ಕಡೆ ತಿರುಗುವುದು.

"ನಿಮ್ಮಿಬ್ಬರ ಕಣ್ಣಾಮುಚ್ಚಾಲೆ ನೋಡಿದ್ರೇ ನನಗೆ ಬೆಚ್ಚಗಾಗುತ್ತೆ," ಎನ್ನುತ್ತಿದ್ದರು ಅಜ್ಜಿ. ಆಮೇಲೆ ದನಿ ತಗ್ಗಿಸಿ, "ಏನಾದ್ರೂ ಮಾಡಿ, ಈ ಮನೆಯಿಂದ ಮಾತ್ರ ನನ್ನ ಎಬ್ಬಿಸಬೇಡಿ ಮಗಳೇ. ಸಾಲು ಮಂಚದ ವಾರ್ಡು ಬೇಕಾದಷ್ಟು ನೋಡಿದ್ದೀನಿ," ಎನ್ನುತ್ತಿದ್ದರು.

ಎಬ್ಬಿಸುವ ನಿಯಮವೂ ಇತ್ತು. ಕೋಣೆ ಹದಿನೆಂಟು ಡಿಗ್ರಿ ಮುಟ್ಟದಿದ್ದರೆ ಚಳಿಗಾಲ ಮುಗಿಯುವವರೆಗೆ ವೃದ್ಧಾಶ್ರಮ. ಹಾಗೆ ಹೋದವರು ವಾಪಸ್ ಬಂದದ್ದನ್ನು ನಾನು ಕಂಡಿಲ್ಲ. ಕೋಣೆಯ ಬಿಸಿ ಪರೀಕ್ಷಿಸುವ ಅಳತೆಯವರು ಬರುವ ಹಿಂದಿನ ದಿನವೂ ಅಜ್ಜಿಯ ಕೋಣೆ ಹದಿನಾರಕ್ಕೇ ನಿಂತಿತ್ತು. ಹೀಟರಿನ ಪಕ್ಕದ ಗೋಡೆಯಲ್ಲಿ ಅಂಗೈಯಗಲದ ಗಾಳಿಕಿಂಡಿ. ಅದರಿಂದ ಬರುವ ಗಾಳಿ ನೇರ ಮಂಚಕ್ಕೇ ಹೊಡೆಯುತ್ತಿತ್ತು.

"ಇದನ್ನ ಮುಚ್ಚಿಬಿಡಿ," ಎಂದೆ.

"ಆಗಲ್ಲ ಮೇಡಂ. ಇದು ಗ್ಯಾಸ್ ಹೀಟರ್. ಕಿಂಡಿ ಮುಚ್ಚಿದ್ರೆ ವಿಷದ ಗಾಳಿ ಒಳಗೇ ನಿಲ್ಲುತ್ತೆ."

"ಒಂದೇ ವಾರ. ಕರೆಂಟ್ ಹೀಟರ್ ಬರ್ತಿದೆಯಲ್ಲ. ಇಲ್ಲಾಂದ್ರೆ ನಾಳೆ ಅಜ್ಜೀನ ಕರ್ಕೊಂಡು ಹೋಗ್ಬಿಡ್ತಾರೆ."

ಅವರು ಆಗದೆಂದು ತಲೆಯಾಡಿಸಿದರು. ನಾನು ಅವರ ತೋಳಿನ ಮೇಲೆ ಕೈಯಿಟ್ಟೆ. ಅಲ್ಲಿಯವರೆಗೆ ಮುಟ್ಟಿರಲಿಲ್ಲ.

"ನನಗೋಸ್ಕರ," ಎಂದೆ.

ಆ ಕೈ ಏನು ಮಾಡುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವರು ನನ್ನ ಮುಖ ನೋಡಿದರು, ಕೈ ನೋಡಿದರು, ಚೀಲದಿಂದ ಟೇಪ್ ತೆಗೆದರು. ವಿಷಗಾಳಿ ಬಂದರೆ ಕೂಗುವ ಅಲಾರಂ ಮುಂದಿನ ವಾರದ ಲಿಸ್ಟಿನಲ್ಲಿತ್ತು.

ಮರುದಿನ ಹದಿನೆಂಟೂವರೆ ಬಂತು. ಅಳತೆಯವರು ಸಹಿ ಹಾಕಿ ಹೋದರು. ಅಜ್ಜಿ ನಮ್ಮಿಬ್ಬರ ಗಲ್ಲ ಹಿಡಿದು ಮುದ್ದಾಡಿದರು. ಮೆಟ್ಟಿಲಿಳಿಯುವಾಗ ಅವರು, "ಭಾನುವಾರ ನಿಮಗೊಂದು ಮಾತು ಹೇಳ್ಬೇಕು," ಎಂದರು.

"ಈಗಲೇ ಹೇಳಿ."

"ನಿಧಾನಪ್ಪ ಅಲ್ವಾ ನಾನು?"

ಎರಡು ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಎಷ್ಟು ಕರೆದರೂ ಅಜ್ಜಿ ಓಗೊಡಲಿಲ್ಲವೆಂದು ಪಕ್ಕದ ಮನೆಯಾಕೆ ಬಾಗಿಲು ಒಡೆಸಿದಳು. ಜೀವ ಉಳಿಯಿತು. ಅಷ್ಟೇ ಉಳಿದದ್ದು. ಅಜ್ಜಿ ಈಗ ಯಾರನ್ನೂ ಗುರುತಿಸುವುದಿಲ್ಲ, ಮಾತಿಲ್ಲ. ಸಾಲು ಮಂಚದ ವಾರ್ಡಿನಲ್ಲಿ ಕೊನೆಯ ಮಂಚ ಅವರದು.

ವಿಚಾರಣೆಯಲ್ಲಿ ನಿಧಾನಪ್ಪನವರು, "ನಾನೇ ಮುಚ್ಚಿದ್ದು, ಯಾರೂ ಹೇಳಿರಲಿಲ್ಲ," ಎಂದರು. ನಾನು ಎದ್ದು ನಿಂತು, "ಹೇಳಿದ್ದು ನಾನು," ಎಂದೆ. ಸಾಹೇಬರು ಎರಡನ್ನೂ ಬರೆದುಕೊಂಡರು. ಅವರ ಲೈಸೆನ್ಸ್ ಹೋಯಿತು. ನನ್ನನ್ನು ಫೈಲುಗಳ ಕೋಣೆಗೆ ಹಾಕಿದರು. ನಿಜ ಹೇಳಿದ್ದರಿಂದ ಅಜ್ಜಿಗೇನೂ ಒಳ್ಳೆಯದಾಗಲಿಲ್ಲ.

ಮೂರು ವಾರ ಬಿಟ್ಟು ನಿಧಾನಪ್ಪನವರ ಮನೆಗೆ ಹೋದೆ. ಸ್ಪ್ಯಾನರುಗಳನ್ನು ಒಂದೊಂದೇ ಒರೆಸಿ ಗೋಣಿಚೀಲಕ್ಕೆ ಹಾಕುತ್ತಿದ್ದರು.

"ಭಾನುವಾರ ಏನೋ ಹೇಳ್ಬೇಕು ಅಂದಿದ್ರಿ."

"ನಿಮಗೆ ಗೊತ್ತಿರೋದೇ."

"ಆದ್ರೂ ಹೇಳಿ."

ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟರು. "ನೀವಂದ್ರೆ ನನಗೆ ಪ್ರಾಣ. ಹದಿನೇಳು ವರ್ಷದಲ್ಲಿ ಎಷ್ಟೋ ಜನ ಕೇಳಿದ್ರು, ಯಾರಿಗೂ ಕಿಂಡಿ ಮುಚ್ಚಿಕೊಟ್ಟಿರ್ಲಿಲ್ಲ."

"ನನಗೂ ಅಷ್ಟೇ. ನೀವು ಇಲ್ಲ ಅನ್ನಲ್ಲ ಅಂತ ಗೊತ್ತಿದ್ದೇ ಕೇಳಿದೆ. ಈಗ ಇನ್ನೊಂದು ಕೇಳ್ತೀನಿ. ನನ್ನ ಜೊತೆ ಬನ್ನಿ. ಇಬ್ರೂ ಸೇರಿ ಅಜ್ಜೀನ ನೋಡ್ಕೊಳ್ಳೋಣ."

ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ.

"ಇಲ್ಲ ಮೇಡಂ," ಎಂದರು. "ನೀವು ಬೆಳಿಗ್ಗೆ ಹೋಗಿ, ನಾನು ಸಂಜೆ ಹೋಗ್ತೀನಿ. ಒಟ್ಟಿಗೆ ಬೇಡ. ಅವರ ಮಂಚದ ಆ ಕಡೆ ಈ ಕಡೆ ನಿಂತು ನಿಮ್ಮ ಮುಖ ನೋಡಿದ್ರೆ ನನಗೆ ಸಂತೋಷ ಆಗುತ್ತೆ. ಅಲ್ಲಿ ಸಂತೋಷ ಆಗಬಾರದು."

ಕೆಳಗಿದ್ದ ಬಟ್ಟೆ ಎತ್ತಿ ಅವರ ಕೈಗಿಟ್ಟೆ. ಹೊರಟು ಬಂದೆ.

ಈಗ ನಾನು ದಿನಾ ಬೆಳಿಗ್ಗೆ ಹೋಗುತ್ತೇನೆ. ಅಜ್ಜಿಯ ಕಾಲಲ್ಲಿ ಹಿಂದಿನ ಸಂಜೆ ಅವರು ತೊಡಿಸಿಹೋದ ಉಣ್ಣೆಯ ಕಾಲುಚೀಲ ಇರುತ್ತದೆ. ಬಿಚ್ಚಿ, ಬಿಸಿನೀರಿನಲ್ಲಿ ಕಾಲು ಒರೆಸಿ, ಮತ್ತೆ ತೊಡಿಸುತ್ತೇನೆ. ತೊಡಿಸುವ ಮೊದಲು ಆ ಕಾಲುಚೀಲವನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡು ಕೂತಿರುತ್ತೇನೆ.